ಸರ್ಕಾರಕ್ಕೆ ಹಲ್ಲು ತೋರಿಸಬಾರದು

ಮತ್ತಿಕೆರೆಯಲ್ಲಿ ನಮ್ಮ ಬೀದಿಯ ಮೂಲೆಯ ಟ್ರಾನ್ಸ್‌ಫಾರ್ಮರ್ ಪಕ್ಕ ಅವರ ಶ್ರದ್ಧಾಂಜಲಿ ಫ್ಲೆಕ್ಸು ಕಟ್ಟಿದ್ದರು. ಹಾಲಿಗೆ ಹೊರಟಿದ್ದವಳು ಅಲ್ಲೇ ನಿಂತೆ. ತೀರಿಕೊಂಡವರ ಫೋಟೋ ನೋಡಿ ನಗಬಾರದು, ಪಾಪ. ಆದರೂ ಸೆರಗು ಬಾಯಿಗೆ ಹೋಯಿತು. ಯಾವುದೋ ಮದುವೆಮನೆಯಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋ. ತಲೆ ಒಂದು ಕಡೆಗೆ ವಾಲಿದೆ. ಎಡಗಿವಿ ಕಾಣುವುದೇ ಇಲ್ಲ. ಕನ್ನಡಕದ ಗಾಜಿನಲ್ಲಿ ಟ್ಯೂಬ್‌ಲೈಟ್ ಹೊಳೆಯುತ್ತಿದೆ. ಹಿಂದೆ ಯಾರದೋ ಜರಿ ಸೀರೆ, ಭುಜದ ಹತ್ತಿರ ಇನ್ಯಾರದೋ ಕೈ, ಆ ಕೈಯಲ್ಲಿ ಅರ್ಧ ಜಿಲೇಬಿ. ಇಷ್ಟು ಸಾಲದು ಅಂತ ನಗುತ್ತಿದ್ದಾರೆ, ಮೇಲಿನ ಸಾಲಿನ ಅಷ್ಟೂ ಹಲ್ಲು ಕಾಣುವ ಹಾಗೆ.

ಬದುಕಿದ್ದಿದ್ದರೆ ಅವರೇ ಅದನ್ನು ಹರಿದು ಎಸೆಯುತ್ತಿದ್ದರು. "ಇದು ಪಾಸಾಗಲ್ಲ ಕಣಮ್ಮ," ಅನ್ನುತ್ತಿದ್ದರು.

ಅವರ ಹೆಸರು ನನಗೆ ಮೊದಲು ಗೊತ್ತಾಗಿದ್ದೂ ಆ ಫ್ಲೆಕ್ಸಿನಿಂದಲೇ. ನಾನು ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಎಲ್ಲರ ಬಾಯಲ್ಲೂ ಅವರು 'ಸ್ಟುಡಿಯೋದವರು'. ಈಗ ಹೊಸದಾಗಿ ಹೆಸರು ಹಿಡಿದು ಬರೆದರೆ ಬೇರೆ ಯಾರ ಬಗ್ಗೆಯೋ ಬರೆದ ಹಾಗಾಗುತ್ತೆ. ಹಾಗಾಗಿ ಸ್ಟುಡಿಯೋದವರು ಅಂತಲೇ ಇರಲಿ.

ನಮ್ಮ ಬೀದಿಯಲ್ಲಿ ಪಾಸ್‌ಪೋರ್ಟ್ ಇರುವವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಪಾಸ್‌ಪೋರ್ಟ್ ಸೈಜ್ ಫೋಟೋ ಇಲ್ಲದವರು ಮಾತ್ರ ಒಬ್ಬರೂ ಇಲ್ಲ. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಬ್ಯಾಂಕಿಗೆ, ಮಕ್ಕಳ ಅಡ್ಮಿಷನ್ನಿಗೆ, ಮಹಿಳಾ ಸಂಘಕ್ಕೆ, ಎಲ್ಲದಕ್ಕೂ ಅದೇ ಬೇಕು. ಭಗವಂತ ನಮಗೆ ದೇವಸ್ಥಾನ, ನೀರಿನ ನಲ್ಲಿ, ಸ್ಟುಡಿಯೋ ಮೂರನ್ನೂ ಮನೆ ಹತ್ತಿರವೇ ಕೊಟ್ಟಿದ್ದ. ನಲ್ಲಿಯೊಂದನ್ನು ಬಿಟ್ಟರೆ ಮಿಕ್ಕೆರಡೂ ಸಮಯಕ್ಕೆ ಸರಿಯಾಗಿ ತೆರೆಯುತ್ತಿದ್ದವು. ಅಷ್ಟು ಸಿಕ್ಕಿದ್ದು ಪುಣ್ಯ ಅಂದುಕೊಂಡು ಬಾಳಿದವರು ನಾವು.

ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಹಿಂದೆ ಹಾಲಿನ ಬೂತ್ ಆಗಿದ್ದ ಒಂದು ಗೂಡು. ಒಳಗೆ ಒಂದು ಸ್ಟೂಲು, ಎರಡು ಲೈಟು, ಒಂದು ಕನ್ನಡಿ. ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ. ಯಾರಾದರೂ ಕದ್ದಾರು ಅಂತ ಕಟ್ಟಿದ್ದು. ಅದರ ಹಲ್ಲುಗಳ ನಡುವೆ ಇಡೀ ಮತ್ತಿಕೆರೆಯ ಕೂದಲಿತ್ತು, ಕದಿಯುವ ಧೈರ್ಯ ಯಾರಿಗಿತ್ತೋ ಕಾಣೆ. ಪಕ್ಕದ ಮೊಳೆಯಲ್ಲಿ ನೀಲಿ ಕೋಟು. ಅದರ ಮೇಲೆ ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ. ಅದೇ 'ರೂಲ್ಸು'. ಸರ್ಕಾರ ಪಾಸ್‌ಪೋರ್ಟ್ ಫೋಟೋ ಹೀಗಿರಬೇಕು ಅಂತ ಹೇಳಿದ್ದನ್ನೆಲ್ಲ ಎಲ್ಲಿಂದಲೋ ತೆಗೆಸಿ ಇಟ್ಟುಕೊಂಡಿದ್ದರು. ಹಿನ್ನೆಲೆ ಬಿಳಿ, ಮುಖ ನೇರ, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ನೆರಳು ಬೀಳಬಾರದು. ಗ್ಯಾಸ್ ಬುಕ್ಕಿಗೆ ಫೋಟೋ ಬೇಕು ಅಂದರೂ ಸ್ಕೇಲು ತಗೊಂಡು ಆ ಹಾಳೆಯ ಮೇಲೆ ಬಡಿದು ತೋರಿಸುತ್ತಿದ್ದರು. ಸಿಲಿಂಡರ್ ತಗೊಂಡು ಲಂಡನ್ನಿಗೆ ಹೋಗುತ್ತೇವೇನೋ ಅನ್ನುವ ಹಾಗೆ.

"ನಗಬೇಡಿ ಅಮ್ಮ."

"ನಗ್ತಿಲ್ಲ ರೀ. ನನ್ನ ಮುಖ ಇರೋದೇ ಹೀಗೆ."

"ಇರೋ ಮುಖ ಮನೇಲಿ ಇಟ್ಕೊಳ್ಳಿ. ಸರ್ಕಾರಕ್ಕೆ ಹಲ್ಲು ತೋರಿಸಬಾರದು ಕಣಮ್ಮ, ಕಿವಿ ತೋರಿಸಬೇಕು. ಸೆರಗು ಹಿಂದಕ್ಕೆ ಹಾಕ್ಕೊಳ್ಳಿ."

ಹೀಗೆ ನಮ್ಮ ಬೀದಿಯ ಹೆಂಗಸರೆಲ್ಲ ದಾಖಲೆಗಳಲ್ಲಿ ಒಂದೇ ಥರ ಇದ್ದೇವೆ. ಮನೆಗೆ ಬೆಂಕಿ ಬಿದ್ದಿದೆ ಅಂತ ಆಗಷ್ಟೇ ಯಾರೋ ಹೇಳಿದ ಹಾಗೆ. ನಮ್ಮವರ ಫ್ಯಾಕ್ಟರಿ ಕಾರ್ಡಿನಲ್ಲಿ ನಮ್ಮವರು ಇನ್ನೂ ಘೋರ. ಗೇಟಿನ ಸೆಕ್ಯುರಿಟಿಯವರು ಕಾರ್ಡು ನೋಡಿ, ಇವರನ್ನು ನೋಡಿ, "ತಮ್ಮನ ಕಾರ್ಡ್ ತಂದಿದ್ದೀರಾ?" ಅಂದಿದ್ದರಂತೆ. ಯಾಕೆಂದರೆ ಸ್ಟುಡಿಯೋದವರಿಗೆ ಎಲ್ಲರನ್ನೂ ಬೆಳ್ಳಗೆ ಮಾಡುವ ಚಟ. ರೂಲ್ಸಿನಲ್ಲಿ ಫೋಟೋ ತಿದ್ದಬಾರದು ಅಂತಲೂ ಬರೆದಿತ್ತು. ಸ್ಕೇಲಿನ ಬಡಿತ ಆ ಸಾಲಿನ ತನಕ ಯಾವತ್ತೂ ಇಳಿದದ್ದು ನಾನು ಕಾಣೆ.

ಕೋಟಿನದೇ ಒಂದು ಕಥೆ. ಬಂದ ಗಂಡಸರಿಗೆಲ್ಲ ಅದೊಂದೇ. ಸಣ್ಣಗಿರುವವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು, ದಪ್ಪಗಿರುವವರಿಗೆ ಬೆನ್ನು ಪೂರ್ತಿ ಬಯಲು. ಎದುರಿನಿಂದ ಮಾತ್ರ ಎಲ್ಲರೂ ಮ್ಯಾನೇಜರು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಗದಗದ ಕಡೆಯ ಇಬ್ಬರು ಕಾಲೇಜು ಹುಡುಗರು ಒಮ್ಮೆ ಹೋಗಿದ್ದರು. ಒಬ್ಬ ಕೋಟು ಹಾಕಿಕೊಂಡು ಕೈಯೆತ್ತಿ, "ಸರ, ಇದರಾಗ ನಾವಿಬ್ರೂ ಹಿಡಸ್ತೀವ್ರಿ, ಒಂದ ಫೋಟೋದಾಗ ಮುಗಿಸಿಬಿಡ್ರಿ," ಅಂದನಂತೆ. "ನಗಬೇಡಪ್ಪ, ನಗಿಸಲೂಬೇಡ," ಅಂದರಂತೆ ಇವರು. ಇನ್ನು ಆ ಕೋಟಿನಲ್ಲಿ ಎಷ್ಟು ಗಂಡುಗಳು ಜಾತಕದ ಜೊತೆ ಊರೂರು ಸುತ್ತಿದ್ದಾರೋ ಲೆಕ್ಕವಿಲ್ಲ. ನಮ್ಮ ಓರಗಿತ್ತಿಯ ಮಗನಿಗೆ ಹೆಣ್ಣು ಕೇಳಿದಾಗ ಆ ಕಡೆಯ ತಾಯಿ ತಮ್ಮ ಬಳಿ ಮೊದಲೇ ಬಂದಿದ್ದ ಇನ್ನೊಂದು ಗಂಡಿನ ಫೋಟೋ ಪಕ್ಕದಲ್ಲಿಟ್ಟು, "ಇವರಿಬ್ಬರೂ ಅಣ್ಣತಮ್ಮಂದಿರಾ?" ಅಂತ ಕೇಳಿದರಂತೆ. ಕೋಟೂ ಅದೇ, ಬಿಳುಪೂ ಅದೇ, ಮುಖದ ಮೇಲಿನ ಭಯವೂ ಅದೇ.

ಒಂದು ಸಲ ಮಂಗಳಾರತಿ ಪ್ರಸಾದ ಕೊಡಲು ಹೋಗಿದ್ದೆ. ಗೋಡೆಯ ಮೇಲಿನ ದೇವರ ಪಟಗಳನ್ನು ನೋಡುತ್ತ ಸ್ಟುಡಿಯೋದವರು ಗಂಭೀರವಾಗಿ ಅಂದರು. "ಯೋಚನೆ ಮಾಡಿ ಅಮ್ಮ, ಬ್ರಹ್ಮನಿಗೆ ಪಾಸ್‌ಪೋರ್ಟ್ ಸಿಗಲ್ಲ. ನಾಲ್ಕು ಮುಖ, ಯಾವುದು ನೇರ ಅಂತೀರಿ? ಶಿವನಿಗೆ ಜಟೆ, ಕಿವಿ ಮುಚ್ಚಿದೆ. ಕೃಷ್ಣ ನಗ್ತಿದಾನೆ, ಕ್ಯಾನ್ಸಲ್. ಗಣಪತಿ ಒಬ್ಬನೇ ನೋಡಿ ಪಾಸು. ಎರಡು ಕಿವೀನೂ ಎಷ್ಟು ಚೆನ್ನಾಗಿ ಕಾಣುತ್ತೆ."

"ರಾಮ ರಾಮ, ಬಾಯಿ ತೊಳ್ಕೊಳ್ರೀ," ಅಂದೆ. ಮನೆಗೆ ಬಂದು ಗಣಪತಿಗೆ ದೀಪ ಹಚ್ಚುವಾಗ ಕಿವಿ ನೋಡಿ ನಗು ತಡೆಯಲಾಗಲಿಲ್ಲ. ತಪ್ಪುಕಾಣಿಕೆ ಹಾಕಿದೆ. ಇವತ್ತಿಗೂ ಸಂಕಷ್ಟಿಯ ದಿನ ಆ ಕಿವಿ ನೆನಪಾಗುತ್ತೆ. ಆ ಪಾಪದಲ್ಲಿ ಅರ್ಧ ಅವರ ಲೆಕ್ಕಕ್ಕೇ ಹೋಗಲಿ.

ಇಷ್ಟು ರೂಲ್ಸು ಮಾತಾಡುವ ಮನುಷ್ಯನ ಜೇಬಿನಲ್ಲಿ ಯಾವಾಗಲೂ ಒಂದು ಕಾಡಿಗೆ ಡಬ್ಬಿ ಇರುತ್ತಿತ್ತು. ಹಸುಗೂಸಿನ ಫೋಟೋಗೆ ಬಂದರೆ ಮೊದಲು ಕೆನ್ನೆಗೆ ದೃಷ್ಟಿಬೊಟ್ಟು, ಆಮೇಲೆ ಕ್ಯಾಮೆರಾ. ಬೊಟ್ಟಿಲ್ಲದೆ ತೆಗೆಸಿಕೊಂಡು ಹೋದವರ ಮಗುವಿಗೆ ಕಂಪ್ಯೂಟರಿನಲ್ಲೇ ಒಂದು ಇಟ್ಟುಬಿಡುತ್ತಿದ್ದರು. ಅದಕ್ಕೆ ಕಾರಣವಿತ್ತು. ಅವರು ಸ್ಟುಡಿಯೋ ತೆರೆದ ಹೊಸದರಲ್ಲಿ ಹಿಂದಿನ ಬೀದಿಯ ಒಂದು ಮಗುವಿನ ನಾಮಕರಣದ ಫೋಟೋ ತೆಗೆದರು. ಆ ವಾರವೇ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ಮಗುವಿನ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ತಂದು, ಬೀದಿಯವರೆಲ್ಲ ನೋಡುತ್ತಿರುವಾಗಲೇ ಇವರ ಕ್ಯಾಮೆರಾಗೆ ಮೂರು ಸುತ್ತು ನಿವಾಳಿಸಿ, ಸ್ಟುಡಿಯೋ ಮೆಟ್ಟಿಲ ಮೇಲೇ ಸುಟ್ಟರು. ಮಗು ಹುಷಾರಾಯಿತು. ಇವರಿಗೆ ಆದ ಗಾಯ ಮಾತ್ರ ಆರಲಿಲ್ಲ. "ನನ್ನ ಕಣ್ಣಲ್ಲಮ್ಮ, ಕ್ಯಾಮೆರಾ ಕಣ್ಣು. ಅದೂ ಕಣ್ಣೇ ಅಲ್ವಾ?" ಅನ್ನುತ್ತಿದ್ದರು. ಚೆಂದ ಕಂಡ ದೊಡ್ಡವರಿಗೂ ಕಿವಿಯ ಹಿಂದೆ ಸಣ್ಣಗೆ ಇಡುತ್ತಿದ್ದರು. ಇಷ್ಟು ವರ್ಷದಲ್ಲಿ ನನಗೆ ಒಂದು ಸಲವೂ ಇಡಲಿಲ್ಲ. ಅದನ್ನೂ ನಾನು ಗಮನಿಸದೇ ಇರಲಿಲ್ಲ.

ಈಗ ನಮ್ಮ ಪುಟ್ಟಿಯ ವಿಷಯಕ್ಕೆ ಬರುತ್ತೇನೆ. ಪುಟ್ಟಿ ಅಂದರೆ ನನ್ನ ಮಗಳು ಸುಮಳ ಮಗಳು. ನಮ್ಮ ಅಳಿಯ ಮಸ್ಕತ್ತಿನಲ್ಲಿ ಏಸಿ ರಿಪೇರಿ ಕೆಲಸದಲ್ಲಿದ್ದಾನೆ. ಸುಮ ಬಸುರಿಯಾಗಿದ್ದಾಗ ಹೋದವನು. ಮಗುವಿಗೆ ಎಂಟು ತಿಂಗಳು ತುಂಬಿದರೂ ಮೊಬೈಲಿನ ಗಾಜಿನ ಮೇಲೆ ಬಿಟ್ಟರೆ ಅದರ ಮುಖ ಮುಟ್ಟಿರಲಿಲ್ಲ. ಪುಟ್ಟಿಗೂ ಅಪ್ಪ ಅಂದರೆ ಮೊಬೈಲೇ. ಫೋನು ರಿಂಗಾದರೆ ಸಾಕು, ಯಾರದೇ ಆಗಲಿ, ನಗುತ್ತಿತ್ತು. ಅಷ್ಟರಲ್ಲಿ ಅವನ ಕಂಪನಿಯಲ್ಲಿ ಸಂಸಾರಸ್ಥರಿಗೆ ಅಂತ ಒಂದು ಮನೆ ಖಾಲಿಯಾಯಿತು. ತಿಂಗಳ ಕೊನೆಯೊಳಗೆ ಹೆಂಡತಿ ಮಗುವಿನ ಪಾಸ್‌ಪೋರ್ಟ್ ನಂಬರ್ ಕೊಟ್ಟರೆ ಇವನಿಗೆ, ಇಲ್ಲದಿದ್ದರೆ ಸಾಲಿನಲ್ಲಿ ಮುಂದಿನವನಿಗೆ. ಮತ್ತೆ ಯಾವಾಗ ಖಾಲಿಯಾಗುತ್ತೋ ದೇವರಿಗೇ ಗೊತ್ತು. ಸುಮಳದು ಆಗಲೇ ಇತ್ತು. ಪುಟ್ಟಿಯದು ಆಗಬೇಕು. ದೊಡ್ಡವರಿಗಾದರೆ ಆಫೀಸಿನಲ್ಲೇ ಫೋಟೋ ತೆಗೆದುಕೊಳ್ಳುತ್ತಾರಂತೆ. ಇಷ್ಟು ಚಿಕ್ಕ ಮಕ್ಕಳಿಗೆ ನಾವೇ ತಗೊಂಡು ಹೋಗಬೇಕು.

ಸ್ಟುಡಿಯೋದವರ ಮುಖ ಆ ದಿನ ನೋಡಬೇಕಿತ್ತು. ಜೀವಮಾನವೆಲ್ಲ ಪಾಸ್‌ಪೋರ್ಟ್ ಫೋಟೋ ತೆಗೆದವರಿಗೆ ನಿಜವಾಗಿಯೂ ಪಾಸ್‌ಪೋರ್ಟಿಗೆ ಹೋಗುವ ಫೋಟೋ ಸಿಕ್ಕಿತ್ತು. ಸ್ಕೇಲು ಕೈಗೆತ್ತಿಕೊಂಡರು.

"ಮುಖದ ಮೇಲೆ ಏನೂ ಇರಬಾರದು. ಬೊಟ್ಟು ಒರೆಸಿ."

ನಾನು ಒಪ್ಪಲಿಲ್ಲ. "ನೀವೇ ಹೀಗಂದ್ರೆ ಹೇಗೆ ರೀ? ಮಂಗಳವಾರ ಬೇರೆ."

"ರೂಲ್ಸ್ ರೂಲ್ಸೇ ಅಮ್ಮ."

ಸುಮ ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು. ಮುಂದಿನ ಸಮಸ್ಯೆ, ಪುಟ್ಟಿ ಒಂದೇ ಕೂರುವುದಿಲ್ಲ, ಹಿಡಿದವರ ಕೈ ಫೋಟೋದಲ್ಲಿ ಕಾಣಬಾರದು. ಅದಕ್ಕೆ ಇವರು ಕಂಡುಕೊಂಡಿದ್ದ ಉಪಾಯ ಕೇಳಿ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಯಿಂದ ಕಾಲಿನ ತನಕ ಬಿಳೀ ಪಂಚೆ ಮುಚ್ಚಿದರು. ತೊಡೆಯ ಮೇಲೆ ಮಗು. ಪಂಚೆಯ ಒಳಗಿನಿಂದ ನಾನು ಅದರ ಸೊಂಟ ಹಿಡಿಯಬೇಕು. ಮುತ್ತೈದೆ ನಾನು, ಹಾಡುಹಗಲಲ್ಲಿ ಮುಸುಕೆಳೆದ ಹೆಣದ ಹಾಗೆ ಕೂತೆ. ಒಳಗೆ ರಾಮನಾಮ ಶುರು ಮಾಡಿದೆ.

"ಅಮ್ಮ, ಉಸಿರು ಬಿಡಬೇಡಿ. ಹಿನ್ನೆಲೆ ಅಲ್ಲಾಡ್ತಾ ಇದೆ."

"ಹಿನ್ನೆಲೆಗೆ ಐವತ್ತಾರು ವರ್ಷ ಸ್ವಾಮಿ. ಉಸಿರಾಡ್ದೆ ಇರಕ್ಕಾಗಲ್ಲ."

"ಹಿನ್ನೆಲೆ ಮಾತಾಡಬಾರದು! ಮಡಿಕೆ ಬೀಳುತ್ತೆ, ಮಡಿಕೆ ಬಿದ್ರೆ ನೆರಳು, ನೆರಳು ಬಿದ್ರೆ ರಿಜೆಕ್ಟು."

ಎರಡು ಗಂಟೆ ನಡೆಯಿತು ಈ ಪೂಜೆ. ಪುಟ್ಟಿ ಕ್ಯಾಮೆರಾ ಕಡೆ ಬಿಟ್ಟು ಎಲ್ಲಾ ಕಡೆ ನೋಡಿತು. ತಿರುಗಿ ತಿರುಗಿ ಪಂಚೆ ಎಳೆಯಿತು. ಇವರು ಗಿಲಕಿ ಆಡಿಸಿದರು, ಬೆಕ್ಕಿನ ಹಾಗೆ ಕೂಗಿದರು, ನಾಯಿಯ ಹಾಗೆ ಕೂಗಿದರು. ನಿಜವಾದ ನಾಯಿಯೊಂದು ಬಂದು ಬಾಗಿಲಲ್ಲಿ ನಿಂತಿತು. ಕೊನೆಗೆ ಯಾವುದೋ ಒಂದು ಕ್ಷಣದಲ್ಲಿ ಮಗು ಎದುರಿಗೆ ನೋಡಿತು, ಇವರು ಒತ್ತಿದರು. "ಜೀವಮಾನದ ಫೋಟೋ ಕಣಮ್ಮ ಇದು!" ಅಂದರು. ಪಂಚೆ ತೆಗೆದಾಗ ನನ್ನ ಕುಂಕುಮ ಮೂಗಿನ ತನಕ ಇಳಿದಿತ್ತು.

ಸಂಜೆ ನಾನೇ ಹೋಗಿ ಫೋಟೋ ತಂದೆ. ಮರುದಿನ ಸುಮ, ನಾನು, ಮಗು ಪಾಸ್‌ಪೋರ್ಟ್ ಆಫೀಸಿಗೆ ಹೋದೆವು. ಅಳಿಯ ಸಹಿ ಹಾಕಿ ಕಳಿಸಿದ್ದ ಕಾಗದ, ಜನನ ಪತ್ರ, ಎಲ್ಲಾ ಸರಿಯಾಗಿತ್ತು. ಕೌಂಟರಿನಲ್ಲಿದ್ದ ಅಧಿಕಾರಿ ಫೋಟೋ ನೋಡಿದರು. ಮಗುವನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

"ಮಗು ಕೆನ್ನೆ ಮೇಲೆ ಮಚ್ಚೆ ಇದೆಯಾ?"

"ಇಲ್ಲ ಸಾರ್," ಅಂದಳು ಸುಮ.

"ಫೋಟೋದಲ್ಲಿ ಇದೆಯಲ್ಲಮ್ಮ."

ಸುಮ ಬಗ್ಗಿ ನೋಡಿದಳು. ಬಲಗೆನ್ನೆಯ ಮೇಲೆ ಮೆಣಸಿನಕಾಳಿನಷ್ಟು ಕಪ್ಪು ಬೊಟ್ಟು. ದುಂಡಗೆ, ನೀಟಾಗಿ, ಎಲ್ಲಿ ಇಡಬೇಕೋ ಅಲ್ಲೇ.

"ಅದು ಮಚ್ಚೆ ಅಲ್ಲ ಸಾರ್, ದೃಷ್ಟಿಬೊಟ್ಟು."

"ಸರಿ, ದೃಷ್ಟಿಬೊಟ್ಟು. ಫೋಟೋ ತೆಗೆಯುವಾಗ ಇಟ್ಟಿದ್ರಾ?"

"ಇಲ್ಲ ಸಾರ್. ಒರೆಸಿದ್ವಿ."

ಆ ಅಧಿಕಾರಿ ಒಳ್ಳೆಯವರು. ನಗಲಿಲ್ಲ. "ಇಲ್ಲದ್ದನ್ನ ಫೋಟೋಗೆ ಸೇರಿಸಿದ್ದಾರೆ ಅಂದ್ರೆ ತಿದ್ದಿದ್ದಾರೆ ಅಂತಾಯ್ತು. ಇದು ಆಗಲ್ಲ. ಮೂರೂವರೆ ಒಳಗೆ ಬೇರೆ ತಂದುಕೊಡಿ, ಇವತ್ತೇ ಮುಗಿಸ್ತೀನಿ. ಇಲ್ಲಾಂದ್ರೆ ಹೊಸದಾಗಿ ದಿನ ತಗೋಬೇಕು, ಅದು ಮುಂದಿನ ತಿಂಗಳೇ ಸಿಗೋದು," ಅಂದರು.

ಮುಂದಿನ ತಿಂಗಳು ಅಂದರೆ ಮಸ್ಕತ್ತಿನ ಮನೆ ಇನ್ನೊಬ್ಬರಿಗೆ. ಗಡಿಯಾರ ನೋಡಿದೆ, ಎರಡೂಕಾಲು. ಸುಮ ಹೊರಗೆ ಬಂದವಳೇ ಸ್ಟುಡಿಯೋದವರಿಗೆ ಫೋನು ಹಚ್ಚಿ ಬಾಯಿಗೆ ಬಂದ ಹಾಗೆ ಬೈದಳು. ನನ್ನ ಮಗಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಹೆರಿಗೆ ವಾರ್ಡಿನಲ್ಲೂ ಕೇಳಿರಲಿಲ್ಲ. "ನಿಮ್ಮ ಒಂದು ಬೊಟ್ಟಿಂದ ನನ್ನ ಮಗು ಅಪ್ಪನ ಮುಖ ನೋಡೋದು ತಪ್ಪುತ್ತೆ ಅಂಕಲ್!" ಅಂದಳು. ಆ ಕಡೆಯಿಂದ ಒಂದೇ ಮಾತು. "ಅಲ್ಲೇ ಇರಮ್ಮ. ಬಂದೆ."

ಕಾಯುತ್ತ ಕೂರುವ ಹಾಗಿತ್ತೆ? ಆಫೀಸಿನ ಎದುರಿಗೇ ಒಂದು ಜೆರಾಕ್ಸ್ ಅಂಗಡಿ, 'ಇಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯಲಾಗುವುದು' ಅಂತ ಬೋರ್ಡು. ಅಂಗಡಿ ನೋಡಿಕೊಳ್ಳುತ್ತಿದ್ದ ಹುಡುಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಬಟಾಣಿ ತಿನ್ನುತ್ತಿದ್ದಳು. ಗೋಡೆಯೇನೋ ಬಿಳಿ. ಆದರೆ ಕೂರದ ಮಗುವನ್ನು ಗೋಡೆಗೆ ಅಂಟಿಸುವುದು ಹೇಗೆ? "ಬಿಳೀ ಬೆಡ್‌ಶೀಟ್ ಏನಾದ್ರೂ ಇದ್ಯಾ ಅಜ್ಜಿ?" ಅಂತ ನನ್ನನ್ನು ಕೇಳಿದಳು. ಅಜ್ಜಿ ಅಂದದ್ದಕ್ಕೆ ರೇಗಿತು. ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಜಗಳ ಆಡುವ ಹಾಗಿರಲಿಲ್ಲ.

ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ ಸ್ಕೂಟರ್ ಬಂದು ನಿಂತಿತು. ಗೊರಗುಂಟೆಪಾಳ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಐಡಿ ಕಾರ್ಡಿಗೆ ಫೋಟೋ ತೆಗೆಯುತ್ತಿದ್ದರಂತೆ. ಸಾಲಿನಲ್ಲಿ ನಿಂತಿದ್ದವರನ್ನು ಹಾಗೇ ಬಿಟ್ಟು ಓಡಿಬಂದಿದ್ದರು. ಹೆಲ್ಮೆಟ್ಟಿನ ಒಳಗೆ ಮುಖ ಬೆವರಿನಲ್ಲಿ ನೆಂದಿತ್ತು. ಸ್ಕೂಟರಿನ ಕೊಕ್ಕೆಯಲ್ಲಿ ಚೀಲ, ಚೀಲದಲ್ಲಿ ಕ್ಯಾಮೆರಾ, ಅದೇ ಬಿಳೀ ಪಂಚೆ.

ಸುಮ ಅವರ ಮುಖ ನೋಡಲಿಲ್ಲ. ನಾನು ನೋಡಿದೆ.

"ಅಭ್ಯಾಸಬಲ ಆಗೋಯ್ತಾ?" ಅಂದೆ.

"ಇಲ್ಲಮ್ಮ," ಅಂದರು. ಸುಳ್ಳು ಹೇಳಿದ್ದರೆ ಸುಲಭವಾಗುತ್ತಿತ್ತು. "ಬೇಕು ಅಂತಲೇ ಇಟ್ಟೆ. ಅಷ್ಟು ದೂರ ಹೋಗೋ ಕೂಸು. ಏರ್‌ಪೋರ್ಟಲ್ಲಿ, ವಿಮಾನದಲ್ಲಿ, ಅಲ್ಲಿ ಇಳಿದ ಮೇಲೆ, ಎಷ್ಟು ಜನ ಆ ಫೋಟೋ ನೋಡ್ತಾರೆ. ಮನಸ್ಸು ಒಪ್ಪಲಿಲ್ಲ."

ಜೆರಾಕ್ಸ್ ಹುಡುಗಿ ಇದನ್ನೆಲ್ಲ ಕೇಳುತ್ತ ಬಟಾಣಿ ಅಗಿಯುತ್ತಿದ್ದಳು. "ಅಂಕಲ್, ಬೊಟ್ಟು ಇಡ್ಲೇಬೇಕು ಅಂದ್ರೆ ಅಂಗಾಲಿಗೆ ಇಡಿ. ಫೋಟೋದಲ್ಲಿ ಕಾಲು ಬರಲ್ವಲ್ಲ," ಅಂದಳು.

ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನನ್ನ ಅಷ್ಟೂ ವರ್ಷದ ವ್ರತ ಕಥೆ, ಅವರ ಅಷ್ಟೂ ವರ್ಷದ ರೂಲ್ಸು, ಎರಡೂ ಸೇರಿ ಹೊಳೆಯದ್ದು ಬಟಾಣಿ ತಿನ್ನುವ ಹುಡುಗಿಗೆ ಹೊಳೆದಿತ್ತು. ಕಾಡಿಗೆ ಡಬ್ಬಿ ತೆಗೆದು ಪುಟ್ಟಿಯ ಎಡ ಅಂಗಾಲಿಗೆ ಬೊಟ್ಟಿಟ್ಟರು. ಕಚಗುಳಿಯಾಗಿ ಪುಟ್ಟಿ ನಕ್ಕಿತು. "ನಗಬೇಡ ಕಂದ," ಅಂದರು. ಅಲ್ಲೂ ಬಿಡಲಿಲ್ಲ.

ಕ್ಯಾಮೆರಾ ಹೊರಗೆ ತೆಗೆದರು. "ಅದರ ಕಾರ್ಡ್ ನನ್ನ ಸಿಸ್ಟಮ್ಮಿಗೆ ಹಾಕಕ್ಕಾಗಲ್ಲ ಅಂಕಲ್. ನನ್ನ ಮೊಬೈಲಲ್ಲೇ ತೆಗೀತೀನಿ, ಎರಡು ನಿಮಿಷ," ಅಂದಳು ಹುಡುಗಿ. ಅವರು ಗಡಿಯಾರ ನೋಡಿದರು, ಕ್ಯಾಮೆರಾವನ್ನು ಚೀಲದೊಳಗೆ ಇಟ್ಟರು. ಆಮೇಲೆ ಪಂಚೆ ಬಿಡಿಸಿ ನನ್ನ ಕಡೆ ಚಾಚಿದರು. "ಕೂತ್ಕೊಳ್ಳಿ ಅಮ್ಮ."

ಅಷ್ಟು ಹೊತ್ತಿಗೆ ನನಗೂ ಒಂದು ವಿಷಯ ಹೊಳೆದಿತ್ತು. ಹಿಂದಿನ ದಿನ ಎರಡು ಗಂಟೆ ಆ ಮಗು ಎದುರಿಗೆ ನೋಡದೆ ಪಂಚೆ ಎಳೆದದ್ದು ಯಾಕೆ? ಅಜ್ಜಿ ಎಲ್ಲಿ ಹೋದಳು ಅಂತ ಹುಡುಕುತ್ತಿತ್ತು. ನಾನು ಎದುರಿಗೆ ನಿಂತರೆ ನನ್ನನ್ನೇ ನೋಡುತ್ತೆ. ಸುಮ ಟೋಕನ್ ಹಿಡಿದು ಆಗಲೇ ಒಳಗೆ ಹೋಗಿದ್ದಳು. ಉಳಿದವರು ಇಬ್ಬರೇ.

"ಈ ಸಲ ನೀವು ಕೂತ್ಕೊಳ್ಳಿ," ಅಂದೆ.

ಇಡೀ ಮತ್ತಿಕೆರೆಯನ್ನು ಸ್ಕೇಲು ಬಡಿದು ಕೂರಿಸಿದ ಮನುಷ್ಯ ಫುಟ್‌ಪಾತಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ನಾನೇ ಪಂಚೆ ಹೊದಿಸಿದೆ. ಕನ್ನಡಕದ ಕಡ್ಡಿ ಎದ್ದು ಕಾಣುತ್ತಿತ್ತು, ಅದನ್ನು ಬಿಚ್ಚಿಸಿದೆ. ಮಗುವನ್ನು ತೊಡೆಯ ಮೇಲಿಟ್ಟೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಹುಡುಗಿ ಮೊಬೈಲ್ ಎತ್ತಿದಳು. ಅವರು ಗೊರಗುಂಟೆಪಾಳ್ಯದಿಂದ ತಂದ ಏದುಸಿರು ಇನ್ನೂ ಇಳಿದಿರಲಿಲ್ಲ, ಪಂಚೆ ಮೇಲೆ ಕೆಳಗೆ ಆಗುತ್ತಿತ್ತು.

"ಉಸಿರು ಬಿಡಬೇಡಿ," ಅಂದೆ. "ಹಿನ್ನೆಲೆ ಅಲ್ಲಾಡ್ತಾ ಇದೆ."

ಪಂಚೆ ಇನ್ನೊಮ್ಮೆ ಎದ್ದು ಇಳಿಯಿತು.

"ಮಡಿಕೆ ಬಿದ್ರೆ ನೆರಳು. ನೆರಳು ಬಿದ್ರೆ ರಿಜೆಕ್ಟು."

ಪಂಚೆ ಕಲ್ಲಿನ ಹಾಗೆ ನಿಂತಿತು. ನಾನು ಚಪ್ಪಾಳೆ ತಟ್ಟಿ "ಪುಟ್ಟಿ" ಅಂದೆ. ಮಗು ನೇರ ನನ್ನ ಕಡೆ ನೋಡಿತು. ಬಾಯಿ ಮುಚ್ಚಿತ್ತು, ಕಣ್ಣು ತೆರೆದಿತ್ತು, ಎರಡು ಕಿವಿಯೂ ಕಾಣುತ್ತಿತ್ತು. ಗಣಪತಿಯ ಹಾಗೆ. ಹುಡುಗಿ ಒಂದೇ ಸಲ ಒತ್ತಿದಳು, "ಆಯ್ತು," ಅಂದಳು. ಎಂಟು ಪ್ರಿಂಟು ಹೊರಗೆ ಬಂದವು. ಮೂರೂ ಇಪ್ಪತ್ತಕ್ಕೆ ಸುಮಳ ಕೈಗೆ ಕೊಟ್ಟೆ. ಆ ಅಧಿಕಾರಿ ನೋಡಿ ತಲೆಯಾಡಿಸಿದರು. ಅಷ್ಟೇ. ತಿಂಗಳು ಮುಗಿಯುವುದಕ್ಕೆ ಆರು ದಿನ ಇರುವಾಗ ಪಾಸ್‌ಪೋರ್ಟ್ ಮನೆಗೆ ಬಂತು. ಮಸ್ಕತ್ತಿನಲ್ಲಿ ಇಳಿದ ದಿನ ಪುಟ್ಟಿ ಅಪ್ಪನನ್ನು ನೋಡಿ ಅತ್ತಿತಂತೆ. ಅವನ ಮೊಬೈಲ್ ರಿಂಗಾದಾಗ ಸುಮ್ಮನಾಗಿ ನಕ್ಕಿತಂತೆ. ಅಷ್ಟು ಕರುಣೆ ತೋರಿಸಿದ್ದಕ್ಕೆ ಆಂಜನೇಯನಿಗೆ ವಡೆಹಾರ ಹಾಕಿಸಿದೆ.

ಆ ದಿನ ಪಂಚೆಯಿಂದ ಹೊರಗೆ ಬಂದ ಸ್ಟುಡಿಯೋದವರು ಕನ್ನಡಕ ಹಾಕಿಕೊಂಡು ಪ್ರಿಂಟು ನೋಡಿದ್ದರು. "ಸ್ವಲ್ಪ ಬೆಳ್ಳಗೆ ಮಾಡಬಹುದಿತ್ತು," ಅಂದಿದ್ದರು. ಹುಡುಗಿ ಕೈಮುಗಿದಳು. ಆಮೇಲೆ ಕಾರ್ಖಾನೆಯವರು ಕಾಯುತ್ತಿದ್ದಾರೆ ಅಂತ ಸ್ಕೂಟರ್ ಹತ್ತಿದರು. ಬೀದಿಯಲ್ಲಿ ಸುಮ ಈ ಕಥೆಯನ್ನು ಎಲ್ಲರಿಗೂ ಹೇಳಿದಳು. ಪಾಸ್‌ಪೋರ್ಟ್ ಫೋಟೋ ಮಾಸ್ಟರಿಗೆ ಪಾಸ್‌ಪೋರ್ಟ್ ಫೋಟೋ ತೆಗೆಯಲು ಬರಲಿಲ್ಲ ಅಂತ ಜನ ಬಹಳ ದಿನ ಆಡಿಕೊಂಡರು. ನಾನೂ ಪಾಲು ತಗೊಂಡೆ. ಕೋಟು ಹಾಕಿಸಿಕೊಂಡವರು, ಮೂಗಿನ ತನಕ ಕುಂಕುಮ ಇಳಿಸಿಕೊಂಡವರು, ನಮಗೆಲ್ಲ ಅದೊಂದು ಹಬ್ಬವಾಯಿತು. ಅವರು ಯಾರಿಗೂ ಎದುರು ಹೇಳಲಿಲ್ಲ.

ಹೇಳಬಹುದಿತ್ತು. ಮೊದಲ ಸಲದ ಫೋಟೋ ತರಲು ಆ ಸಂಜೆ ನಾನು ಸ್ಟುಡಿಯೋಗೆ ಹೋದಾಗ, ಲಕೋಟೆಯಿಂದ ಪ್ರಿಂಟುಗಳನ್ನು ತೆಗೆದು ನನ್ನ ಮುಂದಿಟ್ಟು, "ಸರಿಯಾಗಿ ನೋಡ್ಕೊಳ್ಳಿ ಅಮ್ಮ, ಒಪ್ಪಿಗೆನಾ?" ಅಂತ ಕೇಳಿದ್ದರು. ಲೈಟಿನ ಕೆಳಗೆ ಹಿಡಿದು ನೋಡಿದ್ದೆ. ಬೊಟ್ಟು ಕಂಡಿತ್ತು. ಸದ್ಯ, ಬೊಟ್ಟಿದೆ ಅಂತ ಮನಸ್ಸಿಗೆ ಎಷ್ಟು ನೆಮ್ಮದಿಯಾಯಿತು ಅಂದರೆ, "ಒಪ್ಪಿಗೆ," ಅಂದಿದ್ದೆ. ಅವರೂ ಕಣ್ಣಲ್ಲೇ ನಕ್ಕಿದ್ದರು. ಕೌಂಟರಿನಲ್ಲಿ ಆ ಅಧಿಕಾರಿ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಸುಮ ಫೋನಿನಲ್ಲಿ ಬೈಯುವಾಗಲೂ ಬಿಡಲಿಲ್ಲ. ಫುಟ್‌ಪಾತಿನಲ್ಲಿ ಪಂಚೆ ಹೊದಿಸುವಾಗ ಅವರು ಕನ್ನಡಕ ಬಿಚ್ಚುತ್ತ ನನ್ನನ್ನು ಒಂದು ಗಳಿಗೆ ನೋಡಿದರು. 'ನೀವೂ ನೋಡಿದ್ರಲ್ಲಮ್ಮ' ಅನ್ನುತ್ತಾರೆ ಅಂತ ಕಾದೆ. ಅನ್ನಲಿಲ್ಲ. ಮತ್ತೆ ಯಾವತ್ತೂ ಅನ್ನಲಿಲ್ಲ. ಸುಮಳಿಗೆ ಇವತ್ತಿನ ತನಕ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗಲಿ.

ಎಂಟು ಪ್ರಿಂಟುಗಳಲ್ಲಿ ಎರಡು ಆಫೀಸಿಗೆ ಹೋದವು, ಕೆಲವು ವೀಸಾಗೆ. ಒಂದು ನನ್ನ ದೇವರ ಗೂಡಿನಲ್ಲಿ ಪಂಚಾಂಗದ ನಡುವೆ ಉಳಿದುಕೊಂಡಿತ್ತು. ಫ್ಲೆಕ್ಸು ನೋಡಿಕೊಂಡು ಬಂದ ದಿನ ಅದನ್ನು ತೆಗೆದು ಕಿಟಕಿಯ ಹತ್ತಿರ ಹೋದೆ. ಪುಟ್ಟಿ ನೆಟ್ಟಗೆ ನೋಡುತ್ತಿದೆ. ಅದರ ಹಿಂದೆ ಇರುವ ಬಿಳುಪೆಲ್ಲ ಅವರೇ. ಕಿವಿ ಕಾಣುವುದಿಲ್ಲ, ಹಲ್ಲು ಕಾಣುವುದಿಲ್ಲ, ಇದರಲ್ಲಿ ಅವರು ಇದ್ದಾರೆ ಅಂತ ಹೇಳಿದರೂ ಯಾರೂ ನಂಬುವುದಿಲ್ಲ. ಕನ್ನಡಕ ಏರಿಸಿಕೊಂಡು ಇನ್ನೂ ಹತ್ತಿರ ಹಿಡಿದೆ. ಮಗುವಿನ ಎಡ ಭುಜದ ಮೇಲೆ, ಆ ಅಧಿಕಾರಿಗೂ ಕಾಣದ, ಜೆರಾಕ್ಸ್ ಹುಡುಗಿಗೂ ಕಾಣದ, ಕೂದಲೆಳೆಯಷ್ಟು ಒಂದು ಮಡಿಕೆ.

ನನ್ನನ್ನು ಅಷ್ಟು ಬೈದ ಮಹಾನುಭಾವರು ತಾವು ಮಾತ್ರ ಉಸಿರು ಬಿಟ್ಟಿದ್ದರು.